ಸಫಾರಿ ಟಿಕೆಟ್ ತಗೊಂಡ್ರೆ ಹುಲಿ ಸಿಗುತ್ತಾ? ಬಂಡೀಪುರ, ಕಬಿನಿಗೆ ಹೊರಡುವ ಮುನ್ನ ಇದನ್ನು ಓದಿ

ದೊಡ್ಡಬಳ್ಳಾಪುರ: ಎರಡು ದಿನ ಅಂಗಡಿಗೆ ಬೀಗ ಹಾಕಿ, ಮನೆಮಂದಿಯನ್ನೆಲ್ಲ ಕಾರಿಗೆ ಹತ್ತಿಸಿಕೊಂಡು ಬಂಡೀಪುರಕ್ಕೋ ಕಬಿನಿಗೋ ಹೋಗಿ ಬಂದವರಿಗೆ ಊರಲ್ಲಿ ಎದುರಾಗುವ ಮೊದಲ ಪ್ರಶ್ನೆ ಒಂದೇ: "ಹುಲಿ ಸಿಕ್ತಾ?" ಸಿಕ್ಕಿದ್ದರೆ ತಕ್ಷಣ ಜೇಬಿನಿಂದ ಮೊಬೈಲ್ ಹೊರಬರುತ್ತೆ. ಸಿಗದೇ ಇದ್ದರೆ "ಎಲ್ಲಿ ಸ್ವಾಮಿ, ಬರೀ ಜಿಂಕೆ ನೋಡ್ಕೊಂಡು ಬಂದ್ವಿ, ದುಡ್ಡು ದಂಡ" ಅನ್ನುವ ಮಾತು.

ಆದರೆ ಕಾಡಿನಲ್ಲಿ ಹುಲಿ ಎಲ್ಲಿದೆ ಅಂತ ಹೇಳಿಕೊಡುವುದೇ ಆ "ಬರೀ ಜಿಂಕೆ". ಇದನ್ನು ತಿಳಿಯದೆ ಹೋದವರಿಗೆ ಸಫಾರಿ ಅಂದರೆ ಮೂರು ಗಂಟೆ ಧೂಳು, ಕುಲುಕಾಟ ಅಷ್ಟೇ. ತಿಳಿದು ಹೋದವರಿಗೆ ಹುಲಿ ಕಾಣದ ದಿನವೂ ಕಾಡಲ್ಲಿ ನೋಡೋಕೆ ಬೇಕಾದಷ್ಟಿರುತ್ತೆ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಬೇಕು. ಜಿಲ್ಲೆಯ ಬಹಳಷ್ಟು ಮಕ್ಕಳು ಶಾಲಾ ಪ್ರವಾಸದಲ್ಲಿ ನೋಡಿರುವುದು ಬನ್ನೇರುಘಟ್ಟದ ಸಫಾರಿ. ಅಲ್ಲಿ ಹುಲಿ ಇರುವುದು ಬೇಲಿ ಹಾಕಿದ ಆವರಣದಲ್ಲಿ. ಅದಕ್ಕೆ ಊಟ ಹಾಕುವವರಿದ್ದಾರೆ, ಬಸ್ಸು ಒಳಗೆ ಹೋದರೆ ಹುಲಿ ಕಂಡೇ ಕಾಣುತ್ತೆ. ಬಂಡೀಪುರ, ನಾಗರಹೊಳೆ ಹಾಗಲ್ಲ. ಅಲ್ಲಿ ಹುಲಿ ತನ್ನ ಪಾಡಿಗೆ ತಾನು ಬೇಟೆಯಾಡಿ ಬದುಕುತ್ತೆ. ನಮ್ಮ ಗಾಡಿ ಹೋಗುವ ಹೊತ್ತಿಗೆ ಅದು ರಸ್ತೆಗೆ ಬರಬೇಕು ಅಂತ ಕಾನೂನಿಲ್ಲ. ಕೊಟ್ಟ ದುಡ್ಡು ಕಾಡಿನೊಳಗೆ ಕಳೆಯುವ ಆ ಮೂರು ಗಂಟೆಗೆ ಮಾತ್ರ. ಹುಲಿಗೆ ಟಿಕೆಟ್ ಇಲ್ಲ.

2022ರ ಅಖಿಲ ಭಾರತ ಹುಲಿ ಗಣತಿಯ ಪ್ರಕಾರ ದೇಶದಲ್ಲಿರುವ ಹುಲಿಗಳ ಅಂದಾಜು ಸಂಖ್ಯೆ 3,682. ಮಧ್ಯಪ್ರದೇಶ 785 ಹುಲಿಗಳೊಂದಿಗೆ ಮೊದಲು, ಕರ್ನಾಟಕ 563ರೊಂದಿಗೆ ಎರಡನೆಯದು. ಬಂಡೀಪುರದೊಳಗೆ 150, ನಾಗರಹೊಳೆಯಲ್ಲಿ 141. ಭದ್ರಾ, ಕಾಳಿ, ಬಿಳಿಗಿರಿರಂಗನ ಬೆಟ್ಟ ಸೇರಿದರೆ ರಾಜ್ಯದಲ್ಲಿ ಹುಲಿ ಸಂರಕ್ಷಿತ ಪ್ರದೇಶಗಳು ಐದು. ಬಂಡೀಪುರವಂತೂ 1973ರ ಏಪ್ರಿಲ್ 1ರಂದು ಶುರುವಾದ ಹುಲಿ ಯೋಜನೆಯ ಮೊದಲ ಒಂಬತ್ತು ಕಾಡುಗಳಲ್ಲಿ ಒಂದು.

ನೂರೈವತ್ತು ಹುಲಿ ಅಂದರೆ ತುಂಬಾ ಅನ್ನಿಸಬಹುದು. ಆದರೆ ಬಂಡೀಪುರದ ಕಾಡು 800 ಚದರ ಕಿಲೋಮೀಟರ್‌ಗೂ ಹೆಚ್ಚು, ಅಂದರೆ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಮೂರನೇ ಒಂದು ಭಾಗಕ್ಕಿಂತ ದೊಡ್ಡದು. ಸಫಾರಿ ಗಾಡಿ ಓಡುವುದು ಅದರ ಒಂದು ಮೂಲೆಯಲ್ಲಿ ಮಾತ್ರ. ಹುಲಿ ಕಾಡಿನ ಒಳಭಾಗದಲ್ಲಿ ಶೇ 20ಕ್ಕಿಂತ ಹೆಚ್ಚು ಜಾಗವನ್ನು ಪ್ರವಾಸಕ್ಕೆ ಬಿಡಬಾರದು ಅಂತ 2012ರಲ್ಲೇ ಕೇಂದ್ರದ ಮಾರ್ಗಸೂಚಿ ಬಂದಿದೆ. ಆ ವರ್ಷ ಸುಪ್ರೀಂ ಕೋರ್ಟ್ ಕೆಲವು ತಿಂಗಳು ಹುಲಿ ಕಾಡುಗಳ ಒಳಭಾಗದ ಪ್ರವಾಸವನ್ನೇ ನಿಲ್ಲಿಸಿ, ಮಾರ್ಗಸೂಚಿ ಬಂದ ಮೇಲೆ ಮತ್ತೆ ಅವಕಾಶ ಕೊಟ್ಟಿತ್ತು.

ಡ್ರೈವರ್ ಹುಲಿಯನ್ನು ಹುಡುಕುವುದು ಹೇಗೆ?

ಪಳಗಿದ ಸಫಾರಿ ಡ್ರೈವರ್ ಕಣ್ಣಿಗಿಂತ ಕಿವಿಯನ್ನು ಹೆಚ್ಚು ನಂಬುತ್ತಾನೆ. ಹುಲಿ ಹತ್ತಿರ ಬಂದಾಗ ಕಾಡಿನ ಪ್ರಾಣಿಗಳು ಒಂದಕ್ಕೊಂದು ಸುದ್ದಿ ಮುಟ್ಟಿಸುತ್ತವೆ. ಜಿಂಕೆ ಬಾಲ ಎತ್ತಿ ಚುರುಕಾಗಿ ಕೂಗುತ್ತೆ. ಮರದ ಮೇಲಿನ ಮುಸುವ "ಖಕ್ ಖಕ್" ಅಂತ ಗದರುತ್ತೆ. ಎತ್ತರದಲ್ಲಿ ಕೂತಿರುವುದರಿಂದ ಅದು ಹುಲಿ ಕಾಣುವವರೆಗೂ ಅದೇ ದಿಕ್ಕಿಗೆ ಮುಖ ಮಾಡಿ ಕೂಗುತ್ತಲೇ ಇರುತ್ತೆ. ಜಿಂಕೆ ಕೆಲವೊಮ್ಮೆ ಸುಮ್ಮನೆ ಹೆದರಿ ಕೂಗುವುದೂ ಉಂಟು, ಆದರೆ ಕಡವೆ ಹಾಗೆ ಮೋಸ ಮಾಡುವುದು ಕಡಿಮೆ. ಕಡವೆಯ ಗಡಸು ಕೂಗು ಕೇಳಿದರೆ ಡ್ರೈವರ್ ಎಂಜಿನ್ ಆಫ್ ಮಾಡಿ "ಯಾರೂ ಮಾತಾಡ್ಬೇಡಿ" ಅಂತ ಕೈ ಎತ್ತುತ್ತಾನೆ. ಆ ಹೊತ್ತಿಗೆ ಸರಿಯಾಗಿ ಹಿಂದಿನ ಸೀಟಲ್ಲಿ ಚಿಪ್ಸ್ ಪ್ಯಾಕೆಟ್ ಒಡೆಯುವವರು ಪ್ರತಿ ಗಾಡಿಯಲ್ಲೂ ಒಬ್ಬರಿರುತ್ತಾರೆ.

ಎರಡನೆಯ ದಾರಿ, ನೆಲ. ಹುಲಿಯ ಅಂಗಾಲು ಮೆತ್ತಗಿರುತ್ತೆ. ಮುಳ್ಳು, ಕಲ್ಲಿಗಿಂತ ಧೂಳಿನ ಜೀಪ್ ರಸ್ತೆಯಲ್ಲಿ ನಡೆಯುವುದು ಅದಕ್ಕೂ ಸುಲಭ. ಹೆಜ್ಜೆ ಗುರುತು ಕಂಡರೆ ಡ್ರೈವರ್ ನೋಡುವುದು ಟೈರ್ ಗುರುತನ್ನು. ಹೆಜ್ಜೆಯ ಮೇಲೆ ಟೈರ್ ಹಾದಿದ್ದರೆ ಹುಲಿ ಹೋಗಿ ಹೊತ್ತಾಗಿದೆ. ಟೈರ್ ಗುರುತಿನ ಮೇಲೆಯೇ ಹೆಜ್ಜೆ ಬಿದ್ದಿದ್ದರೆ, ಹಿಂದಿನ ಗಾಡಿ ದಾಟಿದ ಮೇಲೆ ಹುಲಿ ಬಂದಿದೆ, ಇಲ್ಲೇ ಎಲ್ಲೋ ಇದೆ ಅಂತ ಲೆಕ್ಕ.

ಮೂರನೆಯದು ನೀರು. ಬೆಕ್ಕಿನ ಜಾತಿಯಾದರೂ ಹುಲಿಗೆ ನೀರಲ್ಲಿ ಕೂರುವುದು ಇಷ್ಟ. ಮಾರ್ಚ್‌ನಿಂದ ಮೇವರೆಗೆ ಎಲೆ ಉದುರಿ, ಕೆರೆಕಟ್ಟೆ ಬತ್ತಿದಾಗ ಉಳಿದ ನೀರಿನ ಹತ್ತಿರ ಎಲ್ಲ ಪ್ರಾಣಿಗಳೂ ಸೇರುತ್ತವೆ. ಕಬಿನಿ ಅಣೆಕಟ್ಟಿನ ಹಿನ್ನೀರು ಬೇಸಿಗೆಯಲ್ಲಿ ಇಳಿದಾಗ ದಡದಲ್ಲಿ ಹಸಿರು ಹುಲ್ಲು ಬೆಳೆಯುತ್ತೆ. ಆನೆ, ಕಾಟಿ, ಜಿಂಕೆ ಹಿಂಡು ಅಲ್ಲಿಗೆ ಇಳಿಯುತ್ತವೆ, ಅವುಗಳ ಹಿಂದೆ ಹುಲಿ. ಮಳೆಗಾಲದಲ್ಲಿ ಎಲ್ಲೆಲ್ಲೂ ನೀರು, ಎಲ್ಲೆಲ್ಲೂ ಹಸಿರು. ಕಾಡು ಚೆಂದ, ಹುಲಿ ಕಾಣುವುದು ಕಷ್ಟ. "ಹುಲಿ ಬೇಕು" ಅನ್ನುವವರು ಬಿಸಿಲು ತಡೆದುಕೊಳ್ಳಬೇಕು.

ಇಷ್ಟೆಲ್ಲ ಇದ್ದರೂ ಹುಲಿಯೇ ಹತ್ತಿಪ್ಪತ್ತು ಸಲ ಪ್ರಯತ್ನಪಟ್ಟರೆ ಒಮ್ಮೆ ಬೇಟೆ ದಕ್ಕಿಸಿಕೊಳ್ಳುತ್ತೆ. ಒಂದೇ ಸಫಾರಿಯಲ್ಲಿ ಅದನ್ನು ಕಾಣಬೇಕು ಅನ್ನುವವರು ಈ ಲೆಕ್ಕ ನೆನಪಿಟ್ಟುಕೊಂಡರೆ ಬೇಜಾರು ಕಡಿಮೆ.

ಫೋಟೋ ಹುಚ್ಚು

ಬಂಡೀಪುರದಲ್ಲಿ "ಪ್ರಿನ್ಸ್" ಅಂತ ಒಂದು ಗಂಡು ಹುಲಿ ಇತ್ತು. ಗಾಡಿಗಳಿಗೆ ಅಂಜದೆ ರಸ್ತೆ ಪಕ್ಕದಲ್ಲೇ ಆರಾಮಾಗಿ ಓಡಾಡಿಕೊಂಡಿದ್ದ ಅದರ ಫೋಟೋ ತೆಗೆದವರಿಗೆ ಲೆಕ್ಕವಿಲ್ಲ. 2017ರಲ್ಲಿ ಅದು ಸತ್ತಾಗ ಊರಿನ ಹಿರಿಯರು ಹೋದಂತೆ ಫೇಸ್‌ಬುಕ್ ತುಂಬ ಶ್ರದ್ಧಾಂಜಲಿ. ಆದರೆ ಎಲ್ಲ ಹುಲಿಯೂ ಪ್ರಿನ್ಸ್ ಅಲ್ಲ. ಒಂದು ಹುಲಿಯ ಫೋಟೋ ನೋಡಿ ಕಾಡಿಗೆ ಹೋದವರು, ತಮಗೂ ಅಷ್ಟೇ ಹತ್ತಿರದಿಂದ, ಅಷ್ಟೇ ಚೆನ್ನಾಗಿ ಬೇಕು ಅನ್ನುತ್ತಾರೆ. ತೊಂದರೆ ಶುರುವಾಗುವುದು ಅಲ್ಲಿಂದ.

"ಸ್ವಲ್ಪ ಮುಂದೆ ತಗೋಳಿ ಸಾರ್, ಏನೋ ನೋಡ್ಕೋತೀವಿ" ಅಂತ ಡ್ರೈವರ್ ಕೈಗೆ ನೋಟು ತುರುಕುವವರಿದ್ದಾರೆ. ಒಂದು ಗಾಡಿ ನಿಂತ ಕಡೆ ನಾಲ್ಕು ಗಾಡಿ ಬಂದು ಹುಲಿಯ ದಾರಿಗೇ ಅಡ್ಡ ನಿಲ್ಲುತ್ತವೆ. ಪ್ರಾಣಿಗಳಿಂದ ಕನಿಷ್ಠ 20 ಮೀಟರ್ ದೂರ ಇರಬೇಕು, ಸುತ್ತುವರಿಯಬಾರದು ಅನ್ನುವುದು ನಿಯಮ. ರಸ್ತೆ ದಾಟಲು ನಿಂತ ತಾಯಿ ಹುಲಿಯ ಮುಂದೆ ಗಾಡಿ ಬಂದರೆ ಅದು ಒಂದು ಕಡೆ, ಮರಿ ಇನ್ನೊಂದು ಕಡೆ ಆಗಬಹುದು. ಡ್ರೈವರ್‌ಗೆ ಇದು ಗೊತ್ತಿರುತ್ತೆ. ಆದರೆ ಗಾಡಿ ತುಂಬ ಗಿರಾಕಿ ಮುಖ ಊದಿಸಿಕೊಂಡು ಕೂತಿದ್ದರೆ ಅವನಾದರೂ ಎಷ್ಟು ಹೊತ್ತು ತಡೆದಾನು? ವ್ಯಾಪಾರ ಮಾಡುವವರಿಗೆ ಈ ಸಂಕಟ ಬಿಡಿಸಿ ಹೇಳಬೇಕಿಲ್ಲ.

ಗಾಡಿಯಿಂದ ಇಳಿಯುವುದಂತೂ ಹುಡುಗಾಟವಲ್ಲ. 2025ರ ಆಗಸ್ಟ್‌ನಲ್ಲಿ ಬಂಡೀಪುರದ ಹೆದ್ದಾರಿಯಲ್ಲಿ ಫೋಟೋ ತೆಗೆಯಲು ಆನೆಯ ಹತ್ತಿರ ಹೋದ ವ್ಯಕ್ತಿಯೊಬ್ಬರನ್ನು ಅದು ಅಟ್ಟಿಸಿ ಕೆಡವಿದ ವಿಡಿಯೋ ಎಲ್ಲರ ಮೊಬೈಲ್‌ಗೂ ಬಂದಿತ್ತು. ಪ್ರಾಣ ಉಳಿಯಿತು, 25 ಸಾವಿರ ರೂಪಾಯಿ ದಂಡ ಬಿತ್ತು.

ಇನ್ನು ಕ್ಯಾಮೆರಾ ವಿಷಯ. ಮೊಬೈಲ್‌ನಲ್ಲಿ ತೆಗೆದ ಹುಲಿ ಬಹುತೇಕ ಕಡ್ಡಿ ಗಾತ್ರ ಬರುತ್ತೆ. 2025ರ ನವೆಂಬರ್ 17ರಂದು ಉತ್ತರಾಖಂಡದ ಕಾರ್ಬೆಟ್ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಹುಲಿ ಕಾಡಿನ ಒಳಭಾಗದ ಪ್ರವಾಸಿ ವಲಯದಲ್ಲಿ ಮೊಬೈಲ್ ಬಳಸಬಾರದು, ರಾತ್ರಿ ಪ್ರವಾಸ ಬೇಡವೇ ಬೇಡ ಅಂದಿದೆ. ಕ್ಯಾಮೆರಾ ಒಯ್ಯುವವರಿಗೆ 300ರಿಂದ 400 ಎಂಎಂ ಲೆನ್ಸ್ ಇದ್ದರೆ ಅನುಕೂಲ. ದೊಡ್ಡ ಲೆನ್ಸ್‌ಗೆ ಪ್ರತ್ಯೇಕ ಶುಲ್ಕ ಇರುತ್ತೆ, ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ಗಾಡಿಯಲ್ಲಿ ಸ್ಟ್ಯಾಂಡ್ ನಿಲ್ಲಿಸಲು ಜಾಗ ಇರಲ್ಲ. ಅಕ್ಕಿಯೋ ಕಾಳೋ ತುಂಬಿದ ಬಟ್ಟೆ ಚೀಲವನ್ನು ಕಂಬಿ ಮೇಲಿಟ್ಟು ಲೆನ್ಸ್ ಆನಿಸಿದರೆ ಕೈ ನಡುಗುವುದಿಲ್ಲ. ಫ್ಲ್ಯಾಶ್ ಆಫ್ ಇರಲಿ.

ಫೋಟೋದಿಂದ ದೊಡ್ಡ ಉಪಕಾರವೂ ಆಗಿದೆ. ಮನುಷ್ಯರ ಬೆರಳಚ್ಚಿನಂತೆ ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿರುವುದಿಲ್ಲ. ಕಾಡಿನ ದಾರಿಯಲ್ಲಿ ತಾನಾಗಿ ಕ್ಲಿಕ್ಕಾಗುವ ಕ್ಯಾಮೆರಾ ಇಟ್ಟು, ಪಟ್ಟೆ ಹೋಲಿಸಿ ಹುಲಿ ಎಣಿಸುವ ವಿಧಾನವನ್ನು 1990ರ ದಶಕದಲ್ಲಿ ವಿಜ್ಞಾನಿ ಕೆ. ಉಲ್ಲಾಸ ಕಾರಂತ ಬೆಳೆಸಿದ್ದು ಇದೇ ನಾಗರಹೊಳೆಯಲ್ಲಿ. ಇವತ್ತು ದೇಶದ ಗಣತಿ ನಿಂತಿರುವುದು ಈ ಪಟ್ಟೆ ಲೆಕ್ಕದ ಮೇಲೆ.

ಕಾಡಂಚಿನವರ ಮಾತು

ಸಫಾರಿ ಬಗ್ಗೆ ಮಾತಾಡುವಾಗ ಗೇಟಿನ ಆಚೆ ಇರುವ ಊರುಗಳನ್ನು ಬಿಟ್ಟು ಮಾತಾಡುವಂತಿಲ್ಲ. 2025ರ ಅಕ್ಟೋಬರ್, ನವೆಂಬರ್‌ನಲ್ಲಿ ಮೈಸೂರು ಜಿಲ್ಲೆಯ ಸರಗೂರು ತಾಲೂಕಿನಲ್ಲಿ ಒಬ್ಬರ ಹಿಂದೆ ಒಬ್ಬರಂತೆ ರೈತರು ಹುಲಿ ದಾಳಿಗೆ ಪ್ರಾಣ ಕಳೆದುಕೊಂಡರು. ನವೆಂಬರ್ 7ರಂದು ಅರಣ್ಯ ಸಚಿವ ಈಶ್ವರ ಖಂಡ್ರೆ ಬಂಡೀಪುರ, ನಾಗರಹೊಳೆ ಎರಡೂ ಕಡೆ ಸಫಾರಿ ನಿಲ್ಲಿಸಲು, ಸಫಾರಿಯ ಸಿಬ್ಬಂದಿಯನ್ನು ಹುಲಿ ಹಿಡಿಯುವ ಕೆಲಸಕ್ಕೆ ಕಳಿಸಲು ಆದೇಶಿಸಿದರು.

ಗಾಡಿ, ರೆಸಾರ್ಟ್ ಗದ್ದಲಕ್ಕೆ ಹುಲಿ ಕಾಡು ಬಿಟ್ಟು ಹೊಲಕ್ಕೆ ಬರುತ್ತಿದೆ ಅನ್ನುವುದು ರೈತರ ವಾದ. ಕಾರಣ ಅದೊಂದೇ ಅಂತ ಹೇಳಲಾಗದು. ಎರಡು ವರ್ಷ ತುಂಬಿದ ಗಂಡು ಹುಲಿ ತಾಯಿಯನ್ನು ಬಿಟ್ಟು ಬೇರೆ ಜಾಗ ಹುಡುಕಬೇಕು. ಹಲ್ಲು ಸವೆದ ಮುದಿ ಹುಲಿಯನ್ನು ಬಲವಾದ ಹುಲಿ ಅಂಚಿಗೆ ತಳ್ಳುತ್ತೆ. ಒಳಗೆ ಲಂಟಾನ ಹಬ್ಬಿ ಹುಲ್ಲು ಕಡಿಮೆಯಾದರೆ ಜಿಂಕೆಯೂ ಅಂಚಿಗೆ ಬರುತ್ತೆ. ಅಂಚಿನಲ್ಲಿ ಕಟ್ಟಿದ ದನ ಸುಲಭವಾಗಿ ಸಿಗುತ್ತೆ. ಇವೆಲ್ಲ ಸೇರಿಯೇ ಹುಲಿ ಊರಿಗೆ ಬರುವುದು. ಆದರೂ ರೈತರ ಸಿಟ್ಟಿನಲ್ಲಿ ಒಂದು ನ್ಯಾಯ ಇದೆ. ಹುಲಿಯಿಂದ ಬರುವ ಲಾಭ ರೆಸಾರ್ಟಿಗೆ, ನಷ್ಟ ಮಾತ್ರ ಕೊಟ್ಟಿಗೆಗೆ ಅಂತಾದರೆ ಯಾರು ಸುಮ್ಮನಿರುತ್ತಾರೆ? ಅತ್ತ ಸಫಾರಿ ನಿಂತರೆ ಡ್ರೈವರ್, ರೂಮ್ ಬಾಯ್, ರಸ್ತೆ ಬದಿಯ ಎಳನೀರಿನವರ ದುಡಿಮೆಗೂ ಪೆಟ್ಟು. ಅವರೂ ಅದೇ ಊರುಗಳ ಜನ.

ಸಿಟ್ಟು ಎಲ್ಲಿಗೆ ಮುಟ್ಟಬಹುದು ಅನ್ನುವುದಕ್ಕೆ 2025ರ ಜೂನ್‌ನ ಮಲೆ ಮಹದೇಶ್ವರ ಬೆಟ್ಟದ ಘಟನೆ ಇದೆ. ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿ, ನಾಲ್ಕು ಮರಿ ಒಟ್ಟಿಗೆ ಸತ್ತು ಬಿದ್ದಿದ್ದವು. ಸತ್ತ ಹಸುವಿಗೆ ವಿಷ ಹಾಕಲಾಗಿತ್ತು. ಆ ಕೆಲಸವನ್ನು ಯಾರೂ ಒಪ್ಪುವುದಿಲ್ಲ. ಆದರೆ ಡೇರಿಗೆ ಹಾಲು ಹಾಕಿ ಬದುಕುವ ಮನೆಯಲ್ಲಿ ಕರೆಯುವ ಹಸು ಒಂದು ಹೋದರೆ ಏನಾಗುತ್ತೆ ಅನ್ನುವುದು ದೇವನಹಳ್ಳಿ, ಹೊಸಕೋಟೆಯ ರೈತರಿಗೆ ಚೆನ್ನಾಗಿ ಗೊತ್ತು. ಪರಿಹಾರ ಬೇಗ ಕೈಗೆ ಬಂದರೆ ಹುಲಿಯೂ ಉಳಿಯುತ್ತೆ.

ಬೆಂಗಳೂರು ಗ್ರಾಮಾಂತರದಲ್ಲಿ ಹುಲಿ ಇಲ್ಲ, ಚಿರತೆ ಇದೆ. 2024ರ ನವೆಂಬರ್‌ನಲ್ಲಿ ನೆಲಮಂಗಲ ತಾಲೂಕಿನ ಕಂಬಾಳು ಗೊಲ್ಲರಹಟ್ಟಿಯಲ್ಲಿ ಹುಲ್ಲು ಕೊಯ್ಯಲು ಹೋದ ಮಹಿಳೆಯನ್ನು ಚಿರತೆ ಕೊಂದಿತ್ತು. ಶಿವಗಂಗೆ ಬೆಟ್ಟದ ಸುತ್ತಲಿನವರಿಗೆ ಸರಗೂರಿನವರ ಭಯ ಏನು ಅಂತ ಬೇರೆಯವರು ಬಿಡಿಸಿ ಹೇಳಬೇಕಾಗಿಲ್ಲ. ಕಬಿನಿಯಲ್ಲಿ ಕರಿ ಚಿರತೆ ಕಂಡರೆ ಸಾವಿರಾರು ರೂಪಾಯಿ ಕೊಟ್ಟು ನೋಡಲು ಹೋಗುತ್ತಾರೆ. ಅದೂ ಜಾತಿಯಲ್ಲಿ ಇದೇ ಚಿರತೆ, ಬಣ್ಣ ಮಾತ್ರ ಬೇರೆ.

ಹೊರಡುವವರಿಗೆ

ಗೇಟು ತೆರೆದಿದೆಯೇ ಅಂತ ಅರಣ್ಯ ಇಲಾಖೆ ಅಥವಾ ಜಂಗಲ್ ಲಾಡ್ಜಸ್‌ನ ಜಾಲತಾಣದಲ್ಲಿ ನೋಡಿಯೇ ಹೊರಡಬೇಕು. ಬುಕಿಂಗ್ ಕೂಡ ಅಲ್ಲೇ ಮಾಡಿದರೆ ಮಧ್ಯವರ್ತಿಗೆ ಹೆಚ್ಚು ಕೊಡುವುದು ತಪ್ಪುತ್ತೆ. ಸ್ವಂತ ಕಾರಲ್ಲಿ ಸಫಾರಿ ಇಲ್ಲ. ಬಂಡೀಪುರದ ಸಫಾರಿ ಹೊರಡುವುದು ಮೇಲುಕಾಮನಹಳ್ಳಿಯಿಂದ. ಕಬಿನಿ ಭಾಗದ್ದು ದಮ್ಮನಕಟ್ಟೆಯಿಂದ. ನಾಗರಹೊಳೆಗೆ ಹುಣಸೂರು ಕಡೆಯಿಂದ ವೀರನಹೊಸಹಳ್ಳಿ, ಕುಟ್ಟ ಕಡೆಯಿಂದ ನಾಣಚ್ಚಿ ಗೇಟು. ಇವು ಒಂದಕ್ಕೊಂದು ಬಹಳ ದೂರ, ಟಿಕೆಟ್‌ನಲ್ಲಿ ಯಾವ ಗೇಟು ಅಂತ ಇದೆಯೋ ಅಲ್ಲಿಗೇ ಹೋಗಬೇಕು. ಬಂಡೀಪುರದೊಳಗಿನ ಹೆದ್ದಾರಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತೆ. ದೊಡ್ಡಬಳ್ಳಾಪುರದಿಂದ ಬೆಳಗಿನ ಸಫಾರಿಗೆ ಹೋಗುವವರು ಹಿಂದಿನ ಸಂಜೆಯೇ ಗುಂಡ್ಲುಪೇಟೆಯಲ್ಲೋ ಮೈಸೂರಲ್ಲೋ ಉಳಿದುಕೊಳ್ಳುವುದು ಮೇಲು.

ಬಟ್ಟೆ ಮಾಸಲು ಬಣ್ಣದ್ದಿರಲಿ, ಸೆಂಟು ಬೇಡ. ಬೆಳಗಿನ ಗಾಡಿಯಲ್ಲಿ ಬೇಸಿಗೆಯಲ್ಲೂ ಚಳಿ ಹೊಡೆಯುತ್ತೆ, ಮಕ್ಕಳಿಗೆ ಸ್ವೆಟರ್ ಇಟ್ಟುಕೊಳ್ಳಿ. ಗಾಡಿ ಹತ್ತುವಾಗಲೇ ಡ್ರೈವರ್‌ಗೆ "ಹುಲಿ ಕಾಣದಿದ್ರೂ ಪರವಾಗಿಲ್ಲಪ್ಪ, ನಿಧಾನಕ್ಕೆ ಕಾಡು ತೋರಿಸು" ಅಂದು ನೋಡಿ. ಆಮೇಲೆ ಅವನು ಗಾಡಿ ನಿಲ್ಲಿಸುವ ಜಾಗಗಳೇ ಬೇರೆಯಾಗಿರುತ್ತವೆ.

ಇತ್ತ ಊರಿನ ತೋಟದಲ್ಲಿ, ಕೆರೆ ಏರಿಯ ಮೇಲೆ ಚಿರತೆ ಕಂಡರೆ ಮಾತ್ರ ಮೊಬೈಲ್ ಹಿಡಿದು ಹಿಂದೆ ಓಡಬೇಡಿ. ಅರಣ್ಯ ಇಲಾಖೆ ಸಹಾಯವಾಣಿ 1926ಕ್ಕೆ ಕರೆ ಮಾಡಿ.