ಲ್ಯಾಪ್‌ಟಾಪಿನೊಳಗಿನ ಎರಡು ಗ್ರಾಫಿಕ್ಸ್ ಚಿಪ್ಪುಗಳು

ನಮ್ಮ ಪಾಠಶಾಲೆಯನ್ನು ಮುಗಿಸಿ ವಾಸ್ತುಶಿಲ್ಪವನ್ನಾಗಲಿ ಇಂಜಿನಿಯರಿಂಗ್ ವಿದ್ಯೆಯನ್ನಾಗಲಿ ಕಲಿಯಹೋಗುವ ಹೆಣ್ಣುಮಕ್ಕಳಿಗೆ ತಾಯ್ತಂದೆಗಳು ಲ್ಯಾಪ್‌ಟಾಪ್ ಕೊಂಡುಕೊಡುವುದು ಈಗ ವಾಡಿಕೆಯಾಗಿರುತ್ತದೆ. ಅಂಗಡಿಯವರು "ಇದರಲ್ಲಿ ಪ್ರತ್ಯೇಕ ಗ್ರಾಫಿಕ್ಸ್ ಉಂಟು" ಎಂದು ಹೇಳಿ ಹೆಚ್ಚಿನ ಬೆಲೆಯನ್ನು ಕೇಳುತ್ತಾರೆ; ನಾವೂ ಕೊಡುತ್ತೇವೆ. ಆದರೆ ಹಾಗೆ ಹಣ ತೆತ್ತು ತಂದ ಚಿಪ್ಪು ಬೇಕಾದ ಹೊತ್ತಿನಲ್ಲಿ ಎಚ್ಚರಗೊಳ್ಳದೆ ಇರುವುದುಂಟು. ಮಗಳು ಕಟ್ಟಡದ ನಕ್ಷೆಯನ್ನು ತಿರುಗಿಸಿದರೆ ತೆರೆಯು ತಡವರಿಸುತ್ತದೆ. ಯಂತ್ರವೇ ಕೆಟ್ಟದ್ದೆಂದು ಮನೆಯವರೆಲ್ಲರೂ ಬೇಸರಪಡುತ್ತಾರೆ. ಇದು ಹೇಗಾಗುವುದೆಂಬುದನ್ನು ಇಲ್ಲಿ ವಿವರಿಸುವೆವು.

ತೆರೆಯ ಮೇಲಣ ಚಿತ್ರವು ಬಿಂದುಗಳಿಂದಾದದ್ದು. ಅಗಲಕ್ಕೆ ೧೯೨೦, ಎತ್ತರಕ್ಕೆ ೧೦೮೦ ಬಿಂದುಗಳಿರುವ ತೆರೆಯಲ್ಲಿ ಒಟ್ಟು ೨೦ ಲಕ್ಷಕ್ಕೂ ಮಿಕ್ಕಿ ಬಿಂದುಗಳಿದ್ದು, ಅವು ಸಾಧಾರಣವಾಗಿ ಸೆಕೆಂಡಿಗೆ ೬೦ ಸಲ ಹೊಸದಾಗುತ್ತವೆ. ಅವುಗಳ ಬಣ್ಣವನ್ನು ಗಣಿಸತಕ್ಕದ್ದೇ ಗ್ರಾಫಿಕ್ಸ್ ಭಾಗದ ಕೆಲಸ. ಇಂಥ ಭಾಗವೊಂದು ಪ್ರೊಸೆಸರಿನೊಳಗೇ ಅಡಕವಾಗಿದ್ದು, ಯಂತ್ರದ ಸಾಮಾನ್ಯ ಮೆಮೊರಿಯನ್ನೇ ಹಂಚಿಕೊಂಡು, ಅಲ್ಪ ವಿದ್ಯುತ್ತಿನಲ್ಲಿ ದಿನದ ಕೆಲಸವನ್ನು ನಡೆಸುತ್ತದೆ. ಇನ್ನೊಂದು ಬೇರೆ ಚಿಪ್ಪು. ಅದಕ್ಕೆ ತನ್ನದೇ ಮೆಮೊರಿಯುಂಟು, ಬಲವೂ ಹೆಚ್ಚು, ಹಸಿವೂ ಹೆಚ್ಚು. ೫೦ ವಾಟ್-ಗಂಟೆಯ ಬ್ಯಾಟರಿಯಿಂದ ಅದೊಂದೇ ೫೦ ವಾಟ್ ಎಳೆದರೆ ಯಂತ್ರವು ಒಂದು ಗಂಟೆಯೂ ಬಾಳದು. ಹಬ್ಬದಡಿಗೆಗೆ ಹಿತ್ತಲಿನಲ್ಲಿ ಹೂಡುವ ದೊಡ್ಡ ಒಲೆಯ ಮೇಲೆ ದಿನವೂ ಕಾಫಿ ಕಾಯಿಸುವವರಿಲ್ಲವಷ್ಟೆ.

ಮೊದಮೊದಲು ಈ ಒಲೆಯನ್ನು ಹಚ್ಚುವ ಭಾರವು ಬಳಸುವವರದೇ ಆಗಿತ್ತು. ೨೦೦೬ರಲ್ಲಿ ಬಂದ ಸೋನಿ ವಾಯೋ ಎಸ್‌ಝಡ್ ಯಂತ್ರದಲ್ಲಿ ಒಂದು ಗುಂಡಿಯಿತ್ತು. ಅದನ್ನು ಸರಿಸಿದ ಮೇಲೆ ಯಂತ್ರವನ್ನು ಮತ್ತೆ ಆರಂಭಿಸಬೇಕಾಗಿತ್ತು. ೨೦೦೮ರ ಆಪಲ್ ಮ್ಯಾಕ್‌ಬುಕ್ ಪ್ರೋ ಯಂತ್ರದಲ್ಲಿ ಚಿಪ್ಪನ್ನು ಬದಲಿಸಲು ಲಾಗ್-ಔಟ್ ಮಾಡಿ ಮತ್ತೆ ಒಳಬರಬೇಕಾಗಿತ್ತು. ತೆರೆಯ ಸಂಪರ್ಕವನ್ನು ಒಂದು ಚಿಪ್ಪಿನಿಂದ ಬಿಡಿಸಿ ಇನ್ನೊಂದಕ್ಕೆ ಜೋಡಿಸುವ ಇಂಥ ಸಾಧನಕ್ಕೆ ಮಕ್ಸ್ ಎಂದು ಹೆಸರು. ಇಷ್ಟು ತೊಂದರೆಯನ್ನು ಯಾರು ತಾನೆ ದಿನವೂ ಪಟ್ಟಾರು?

೨೦೧೦ರ ಫೆಬ್ರವರಿಯಲ್ಲಿ ಎನ್ವಿಡಿಯ ಸಂಸ್ಥೆಯವರು ಆಪ್ಟಿಮಸ್ ಎಂಬ ಏರ್ಪಾಡನ್ನು ಪ್ರಕಟಿಸಿದರು. ಇದರಲ್ಲಿ ಸಂಪರ್ಕವನ್ನು ಬದಲಿಸುವುದೇ ಇಲ್ಲ. ತೆರೆಯು ಯಾವಾಗಲೂ ಒಳಗಿನ ಚಿಕ್ಕ ಭಾಗಕ್ಕೇ ಜೋಡಿಸಲ್ಪಟ್ಟಿರುತ್ತದೆ. ಭಾರವಾದ ಕೆಲಸ ಬಂದಾಗ ದೊಡ್ಡ ಚಿಪ್ಪು ಎಚ್ಚರಗೊಂಡು ಚಿತ್ರವನ್ನು ಸಿದ್ಧಪಡಿಸುತ್ತದೆ. ಆ ಚಿತ್ರದ ನಕಲು ಸಾಮಾನ್ಯ ಮೆಮೊರಿಗೆ ಸಾಗುತ್ತದೆ. ಚಿಕ್ಕ ಭಾಗವು ಅದನ್ನು ತೆರೆಗೆ ಒಪ್ಪಿಸುತ್ತದೆ. ಕೆಲಸ ತೀರಿದೊಡನೆ ದೊಡ್ಡ ಚಿಪ್ಪಿಗೆ ವಿದ್ಯುತ್ತು ನಿಲ್ಲುತ್ತದೆ. ಇದು ಬಹು ಜಾಣತನದ ಉಪಾಯವೆಂದೇ ನಮ್ಮ ಅಭಿಪ್ರಾಯ.

ಆದರೆ ಯಾವುದು ಭಾರವಾದ ಕೆಲಸವೆಂದು ನಿಶ್ಚಯಿಸುವವರಾರು? ಡ್ರೈವರ್ ಎಂಬ ತಂತ್ರಾಂಶ. ಅದರ ಬಳಿ ಯಾವ ಪ್ರೋಗ್ರಾಮಿಗೆ ಯಾವ ಚಿಪ್ಪೆಂಬ ಒಂದು ಪಟ್ಟಿಯುಂಟು. ಮಗಳ ಕಾಲೇಜಿನವರು ಹೇಳಿದ ನಕ್ಷೆಯ ಪ್ರೋಗ್ರಾಮು ಆ ಪಟ್ಟಿಯಲ್ಲಿ ಇಲ್ಲದಿದ್ದರೆ ಕೆಲಸವೆಲ್ಲವೂ ಚಿಕ್ಕ ಭಾಗದ ಪಾಲಿಗೇ ಬೀಳಬಹುದು. ಕೆಲಸವಿಲ್ಲದಾಗ ದೊಡ್ಡ ಚಿಪ್ಪು ನಿದ್ರಿಸುವುದು ಗುಣವೇ. ಕೆಲಸವಿದ್ದಾಗಲೂ ನಿದ್ರಿಸಿದರೆ ಮಾತ್ರ ಅದು ತಲಾಂತನ್ನು ನೆಲದಲ್ಲಿ ಹೂತಿಟ್ಟ ಆಳಿನಂತಾಗುತ್ತದೆ.

ಇದಕ್ಕೆ ಪರಿಹಾರವು ಸುಲಭ. ವಿಂಡೋಸಿನಲ್ಲಿ ೨೦೧೮ರಿಂದ ಒಂದೊಂದು ಪ್ರೋಗ್ರಾಮಿಗೂ ಬೇಕಾದ ಚಿಪ್ಪನ್ನು ನಾವೇ ಆರಿಸಬಹುದು: ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್ಪ್ಲೇ, ಗ್ರಾಫಿಕ್ಸ್ ಎಂದು ಕ್ರಮವಾಗಿ ಹೋಗಿ, ಪ್ರೋಗ್ರಾಮಿನ ಹೆಸರನ್ನು ಹಿಡಿದು, ಹೈ ಪರ್ಫಾರ್ಮೆನ್ಸ್ ಎಂಬುದನ್ನು ಆರಿಸತಕ್ಕದ್ದು. ಚಿಪ್ಪು ದುಡಿಯುತ್ತಿದೆಯೋ ಇಲ್ಲವೋ ಎಂಬುದು ಟಾಸ್ಕ್ ಮ್ಯಾನೇಜರಿನ ಪರ್ಫಾರ್ಮೆನ್ಸ್ ಪುಟದಲ್ಲಿ ಕಾಣುತ್ತದೆ.

ಇದಕ್ಕೆ ವಿರುದ್ಧವಾದ ತೊಂದರೆಯೂ ಉಂಟು. ಕೆಲವು ಯಂತ್ರಗಳಲ್ಲಿ ಹೊರಗಿನ ತೆರೆಯನ್ನು ಜೋಡಿಸುವ ಎಚ್‌ಡಿಎಂಐ ರಂಧ್ರವು ದೊಡ್ಡ ಚಿಪ್ಪಿಗೇ ಕೂಡಿರುತ್ತದೆ. ಪ್ರೊಜೆಕ್ಟರನ್ನು ಜೋಡಿಸಿ ಬರಿಯ ಪಾಠವನ್ನೋದಿದರೂ ಆ ಚಿಪ್ಪು ನಿದ್ರಿಸಲಾರದು; ಬ್ಯಾಟರಿಯು ಬೇಗನೆ ಬರಿದಾಗುತ್ತದೆ. ಚಿತ್ರವನ್ನು ನಕಲಿಸುವುದಕ್ಕೂ ತುಸು ವೇಳೆ ಹಿಡಿಯುವುದರಿಂದ, ಆಟದ ಯಂತ್ರಗಳಿಗಾಗಿ ೨೦೨೦ರಲ್ಲಿ ಮಕ್ಸ್ ಸಾಧನವನ್ನೇ ಮರಳಿ ತಂದು, ಯಂತ್ರವನ್ನು ನಿಲ್ಲಿಸದೆ ಬದಲಿಸುವ ಅಡ್ವಾನ್ಸ್‌ಡ್ ಆಪ್ಟಿಮಸ್ ಹೊರಟಿತು.

ಪತ್ರ, ಪಾಠ, ಲೆಕ್ಕಗಳಿಗಷ್ಟೇ ಯಂತ್ರವು ಬೇಕಾದವರಿಗೆ ಒಳಗಿನ ಚಿಕ್ಕ ಭಾಗವೇ ಧಾರಾಳವಾಗಿ ಸಾಕು. ಪ್ರತ್ಯೇಕ ಗ್ರಾಫಿಕ್ಸಿಗೆ ಹಣ ಕೊಡುವುದಕ್ಕೆ ಮೊದಲು ಮಗಳ ಕಾಲೇಜಿನಲ್ಲಿ ಯಾವ ಪ್ರೋಗ್ರಾಮುಗಳನ್ನು ಬಳಸುವರೆಂದು ಒಂದು ಚೀಟಿಯಲ್ಲಿ ಬರೆದುಕೊಂಡು ಅಂಗಡಿಗೆ ಹೋಗಬಹುದು.