ಒಂದು ಇಂಜೆಕ್ಷನ್ ಕೊಟ್ಟರೆ ಅತ್ಯಾಚಾರ ನಿಲ್ಲುತ್ತದೆಯೇ?

“ಅತ್ಯಾಚಾರಿಗೆ ಒಂದೇ ಇಂಜೆಕ್ಷನ್, ಜೀವಮಾನವಿಡೀ ಪುರುಷತ್ವ ಖತಂ!” ಇಂಥ ಫಾರ್ವರ್ಡ್ ನಿಮಗೂ ಬಂದಿರಬಹುದು. ಶೇರ್ ಮಾಡುವ ಮುನ್ನ ಇದನ್ನು ಓದಿ.

‘ಕೆಮಿಕಲ್ ಕ್ಯಾಸ್ಟ್ರೇಶನ್’ ಎಂದರೆ ಆಪರೇಷನ್ ಅಲ್ಲ. ಟೆಸ್ಟೋಸ್ಟೆರಾನ್ ಎಂಬ ಹಾರ್ಮೋನನ್ನು ತಗ್ಗಿಸಿ ಕಾಮಾಸಕ್ತಿ ಕುಗ್ಗಿಸುವ ಔಷಧಿ. ಇದಕ್ಕೆ ಬಳಸುವ ಔಷಧಿಗಳಲ್ಲಿ ಒಂದು ಮೆಡ್ರಾಕ್ಸಿಪ್ರೊಜೆಸ್ಟೆರಾನ್. ಭಟ್ಕಳ, ಹೊನ್ನಾವರ, ಕುಮಟಾದ ಆಶಾ ಕಾರ್ಯಕರ್ತೆಯರಿಗೆ ಇದು ಬೇರೆ ಹೆಸರಿನಲ್ಲಿ ಗೊತ್ತು. ಸರಕಾರ ಉಚಿತವಾಗಿ ಕೊಡುವ ‘ಅಂತರಾ’ ಗರ್ಭನಿರೋಧಕ ಇಂಜೆಕ್ಷನ್‌ನಲ್ಲಿರುವುದೂ ಇದೇ. ಅಲ್ಲಿ ಡೋಸ್ ಬೇರೆ, ಉದ್ದೇಶ ಬೇರೆ, ಹೆದರಬೇಕಿಲ್ಲ. ಆದರೆ ಅದನ್ನು ಮೂರು ತಿಂಗಳಿಗೊಮ್ಮೆ ಕೊಡುವುದೇಕೆ? ಪರಿಣಾಮ ಶಾಶ್ವತವಲ್ಲ. ಗಂಡಸರಲ್ಲೂ ಅಷ್ಟೇ: ಔಷಧಿ ನಿಂತರೆ ಹಾರ್ಮೋನು ಮತ್ತೆ ಏರುತ್ತದೆ. ವರ್ಷಗಟ್ಟಲೆ ಕೊಟ್ಟರೆ ಮೂಳೆ ಸವೆಯಬಹುದು.

ಹಾಗಾದರೆ ಉಪಯೋಗವೇ ಇಲ್ಲವೇ? ಇದೆ. ಮಕ್ಕಳತ್ತ ಕಾಮಾಸಕ್ತಿ ಇರುವ ಕೆಲವರಿಗೆ ವೈದ್ಯರ ನಿಗಾದಲ್ಲಿ, ಆಪ್ತಸಮಾಲೋಚನೆಯ ಜೊತೆ ಕೊಟ್ಟರೆ ನೆರವಾಗಬಹುದು. ಸಿಟ್ಟು, ದ್ವೇಷ, ದರ್ಪದಿಂದ ನಡೆಯುವ ಅತ್ಯಾಚಾರಕ್ಕೆ ಇದು ಮದ್ದಲ್ಲ.

ಭಾರತದ ಕಾನೂನಿನಲ್ಲಿ ಈ ಶಿಕ್ಷೆ ಇಲ್ಲ. 2012ರ ದೆಹಲಿ ಪ್ರಕರಣದ ಬಳಿಕ ನೇಮಕವಾದ ನ್ಯಾ. ಜೆ.ಎಸ್. ವರ್ಮಾ ಸಮಿತಿ 2013ರ ವರದಿಯಲ್ಲಿ ಇದನ್ನು ತಳ್ಳಿಹಾಕಿತು. ಒಪ್ಪಿಗೆಯಿಲ್ಲದೆ ಯಾರನ್ನೂ ಅಪಾಯಕಾರಿ ಅಡ್ಡಪರಿಣಾಮಕ್ಕೆ ಒಡ್ಡುವುದು ಸಂವಿಧಾನಕ್ಕೆ ವಿರುದ್ಧ, ಅತ್ಯಾಚಾರದ ಸಾಮಾಜಿಕ ಬೇರನ್ನೂ ಅದು ಮುಟ್ಟುವುದಿಲ್ಲ ಎಂದಿತು.

ಮಕ್ಕಳ ಮೇಲೆ ದೌರ್ಜನ್ಯ ಎಸಗುವವರಲ್ಲಿ ಹೆಚ್ಚಿನವರು ಮನೆಯವರು, ನೆರೆಯವರು, ಪರಿಚಿತರೇ. ದೂರೇ ದಾಖಲಾಗದಿದ್ದರೆ ಯಾವ ಇಂಜೆಕ್ಷನ್ನೂ ಅವರ ತನಕ ತಲುಪದು. ಮಗು ಏನಾದರೂ ಹೇಳಿದರೆ ನಂಬಿ. 1098ಕ್ಕೆ ಕರೆ ಮಾಡಿ. ಫಾರ್ವರ್ಡ್ ಮಾಡಲೇಬೇಕೆಂದಿದ್ದರೆ ಈ ನಂಬರ್ ಮಾಡಿ.