ಕ್ರೀಮೋ, ಐವರಿಯೋ? ಗೋಡೆಯನ್ನೇ ಕೇಳಿ

ದೀಪಾವಳಿ ಸಮೀಪಿಸಿತೆಂದರೆ ಯರಗಟ್ಟಿ ಕಡೆಯ ಮನೆಗಳಲ್ಲಿ ಸುಣ್ಣ-ಬಣ್ಣದ ಮಾತು ಶುರುವಾಗುತ್ತದೆ. ಹಿಂದೆ ಇದಕ್ಕೆ ಹೆಚ್ಚು ಚರ್ಚೆ ಬೇಕಿರಲಿಲ್ಲ. ಸುಣ್ಣ ನೆನೆಹಾಕಿ, ಚಿಟಿಕೆ ನೀಲಿ ಬೆರೆಸಿ ಹಚ್ಚಿದರೆ ಹಬ್ಬಕ್ಕೆ ಮನೆ ಸಿದ್ಧ. ಈಗ ಅಂಗಡಿಯ ಶೇಡ್ ಕಾರ್ಡ್ ತೆರೆದರೆ ಬಿಳುಪಿನಲ್ಲೇ ಹತ್ತಾರು ಬಗೆ. ಪಡಸಾಲೆಗೆ ಕ್ರೀಮ್ ಇರಲೆಂದು ಮನೆಯೊಡತಿ, ಐವರಿಯೇ ಇರಲೆಂದು ಯಜಮಾನರು. ‘ಎರಡೂ ಒಂದ ಅದಾವಲ್ರಿ’ ಎಂದು ಪೇಂಟರ್ ನಗುತ್ತಾನೆ.

ಎರಡೂ ಒಂದೇ ಅಲ್ಲ. ಸಾಮಾನ್ಯವಾಗಿ ಕ್ರೀಮ್‌ನಲ್ಲಿ ಹಳದಿ ತುಸು ಹೆಚ್ಚು, ಐವರಿಯಲ್ಲಿ ಕಡಿಮೆ. ಆದರೆ ಬೆರಳಗಲದ ಕಾರ್ಡಿನಲ್ಲಿ ಈ ಅಂತರ ತಿಳಿಯುವುದು ಕಷ್ಟ. ಮಷಿನ್‌ನಲ್ಲಿ ಒಮ್ಮೆ ಬೆರೆಸಿದ ಬಣ್ಣವನ್ನು ಸಾಮಾನ್ಯವಾಗಿ ಅಂಗಡಿಯವರು ಮರಳಿ ಪಡೆಯುವುದಿಲ್ಲ. ಆದ್ದರಿಂದ ಹಣ ಕೊಡುವ ಮುಂಚೆಯೇ ವಿಚಾರ ಮಾಡುವುದು ಲೇಸು.

ಗೋಡೆಗೆ ಸ್ವಂತ ಬೆಳಕಿಲ್ಲ. ಬಿದ್ದ ಬೆಳಕಿನಲ್ಲಿ ಒಂದಿಷ್ಟು ಹೀರಿ, ಉಳಿದದ್ದನ್ನು ಮರಳಿಸುತ್ತದೆ. ಆ ಬೆಳಕು ಎಲ್ಲಿಂದ ಬರುತ್ತದೆ ಎಂಬುದೇ ಮುಖ್ಯ. ಯರಗಟ್ಟಿ ಸುಮಾರು 16 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಮೇ ಮೊದಲ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ ಮಾತ್ರ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕಿರುತ್ತಾನೆ. ಹೀಗಾಗಿ ಉತ್ತರಕ್ಕೆ ಮಾತ್ರ ಕಿಟಕಿಯಿರುವ ಕೋಣೆಗೆ ವರ್ಷದ ಬಹುಭಾಗ ಸಿಗುವುದು ಆಕಾಶದ ನೀಲಿ ಛಾಯೆಯ ಬೆಳಕು. ಅಲ್ಲಿ ಕ್ರೀಮ್‌ನ ಹಳದಿ ಹಿತವೆನಿಸುತ್ತದೆ. ಅದೇ ಕ್ರೀಮ್ ದಕ್ಷಿಣದ ಬಿಸಿಲಿಗೆ ತೀರ ಹಳದಿಯಾದೀತು.

ರಾತ್ರಿಯ ಲೆಕ್ಕ ಬೇರೆ. ಎಲ್ಇಡಿ ಬಲ್ಬಿನ ಡಬ್ಬಿಯ ಮೇಲೆ 2700 ಕೆಲ್ವಿನ್ ಎಂದಿದ್ದರೆ ಬೆಳಕು ಹಳದಿ. 6500 ಎಂದಿದ್ದರೆ ನೀಲಿ ಬೆರೆತ ಬಿಳಿ. ಬಲ್ಬು ಬದಲಾದರೆ ಗೋಡೆಯ ಬಣ್ಣವೂ ಬದಲಾದಂತೆ ತೋರುತ್ತದೆ.

ಅಕ್ಕಪಕ್ಕದ ಬಣ್ಣವೂ ಕಣ್ಣನ್ನು ಮೋಸಗೊಳಿಸುತ್ತದೆ. ಪ್ಯಾರಿಸ್ಸಿನ ಗೋಬೆಲಿನ್ ಕಾರ್ಖಾನೆಯಲ್ಲಿ ಕಪ್ಪು ನೂಲು ಮಂಕಾಗಿದೆ ಎಂಬ ದೂರು ಬಂದಾಗ, ದೋಷ ಬಣ್ಣದಲ್ಲಿಲ್ಲ, ಪಕ್ಕದ ನೂಲುಗಳ ಬಣ್ಣದಿಂದ ಹಾಗೆ ಕಾಣುತ್ತಿದೆ ಎಂದು ರಸಾಯನ ವಿಜ್ಞಾನಿ ಷೆವ್ರಲ್ ಕಂಡುಕೊಂಡರು. 1839ರಲ್ಲಿ ಈ ಬಗ್ಗೆ ಗ್ರಂಥವನ್ನೇ ಪ್ರಕಟಿಸಿದರು. ಶಹಾಬಾದ್ ಫರ್ಸಿಯ ಬೂದು ನೆಲದ ಮೇಲೆ ಒಪ್ಪುವ ಬಿಳುಪು, ಕೆಂಪು ನೆಲದ ಮೇಲೆ ಒಪ್ಪಲೇಬೇಕೆಂದಿಲ್ಲ.

ಮಕ್ಕಳು ಓದುವ ಕತ್ತಲು ಕೋಣೆಯಾದರೆ ಇನ್ನೊಂದು ಲೆಕ್ಕವಿದೆ. ಒಂದು ಬಣ್ಣ ನೂರಕ್ಕೆ 80 ಪಾಲು, ಇನ್ನೊಂದು 75 ಪಾಲು ಬೆಳಕನ್ನು ಮರಳಿಸುತ್ತದೆ ಎನ್ನೋಣ. ಬೆಳಕು ಮೂರು ಸಲ ಗೋಡೆಗೆ ತಾಗಿ ಬರುವಷ್ಟರಲ್ಲಿ ಮೊದಲನೆಯದರಲ್ಲಿ 51, ಎರಡನೆಯದರಲ್ಲಿ 42 ಪಾಲು ಉಳಿಯುತ್ತದೆ. ಇಂಥ ಕೋಣೆಗೆ ತಿಳಿಯಾದದ್ದೇ ಮೇಲು. ಎರೆಮಣ್ಣಿನ ಧೂಳು ಬಂದು ಕೂರುವ ರಸ್ತೆ ಬದಿಯ ಪಡಸಾಲೆಗಾದರೆ ತುಸು ಗಾಢವಾದದ್ದು ಬಾಳಿಕೆಗೆ ಅನುಕೂಲ.

ಪರೀಕ್ಷೆ ಸುಲಭ. ಎರಡೂ ಬಣ್ಣದ ಸಣ್ಣ ಡಬ್ಬಿ ತಂದು, ಎರಡಡಿ ಅಗಲದ ಎರಡು ರಟ್ಟಿಗೆ ಎರಡೆರಡು ಕೋಟ್ ಹಚ್ಚಿ, ಪೂರ್ತಿ ಒಣಗಿಸಿ. ಅವನ್ನು ಒಟ್ಟಿಗೆ ಇಡದೆ, ಒಂದೊಂದಾಗಿ ಎಲ್ಲ ಗೋಡೆಗೂ ಹಿಡಿದು ಬೆಳಿಗ್ಗೆ, ಮಧ್ಯಾಹ್ನ, ದೀಪ ಹಚ್ಚಿದ ಮೇಲೆ ನೋಡಿ. ಮೂರು ಹೊತ್ತೂ ಮನೆಯವರಿಗೆ ವ್ಯತ್ಯಾಸ ಕಾಣದಿದ್ದರೆ, ಪೇಂಟರ್ ಹೇಳಿದ್ದೇ ನಿಜ. ಅಗ್ಗವಾದದ್ದನ್ನು ಕೊಂಡು ತರಬಹುದು.